ಒಲೆಯ ಮೇಲೆ ಕೇಕ್

ಮಕ್ಕಳೇ, ನಿಮ್ಮ ಮನೆಯ ಮಸಾಲೆ ಡಬ್ಬಿಯನ್ನು ಒಮ್ಮೆ ತೆರೆದು ನೋಡಿರಿ. ಲವಂಗ, ಏಲಕ್ಕಿ, ಮೆಣಸುಗಳ ನಡುವೆ ಕಂದು ಬಣ್ಣದ ಒಣ ತೊಗಟೆಯ ಚೂರು ಸಿಗುತ್ತದೆ. ಅದು ದಾಲ್ಚಿನ್ನಿ. ಕೆಲವರು ಚಕ್ಕೆ ಎನ್ನುತ್ತಾರೆ. ನಮ್ಮ ಜತ್ತ ತಾಲೂಕಿನಲ್ಲಿ ಬೇಸಿಗೆ ಬಂತೆಂದರೆ ಮನೆಮನೆಯಲ್ಲಿ ವರ್ಷದ ಮಸಾಲೆ ಖಾರ ಕುಟ್ಟಿಸುತ್ತಾರೆ. ಆಗ ದಾಲ್ಚಿನ್ನಿ ಬೇಕೇ ಬೇಕು. ಒಂದು ಸಣ್ಣ ಚೂರನ್ನು ಬಾಯಲ್ಲಿ ಇಟ್ಟುಕೊಳ್ಳಿರಿ. ಮೊದಲು ಸಿಹಿ, ಆಮೇಲೆ ನಾಲಿಗೆಯ ತುದಿಯಲ್ಲಿ ಸಣ್ಣ ಖಾರ!

ಇದು ಒಂದು ಮರದ ತೊಗಟೆ. ಆ ಮರದ ತವರು ಶ್ರೀಲಂಕಾ. ಕೇರಳದಲ್ಲಿಯೂ ಬೆಳೆಯುತ್ತಾರೆ. ಎಳೆಯ ಕೊಂಬೆಗಳನ್ನು ಕಡಿದು, ಮೇಲಿನ ಒರಟು ಸಿಪ್ಪೆಯನ್ನು ಹೆರೆದು, ಒಳಗಿನ ತೆಳು ತೊಗಟೆಯನ್ನು ಬಿಡಿಸಿ ಒಣಗಲು ಇಡುತ್ತಾರೆ. ಒಣಗುತ್ತ ಒಣಗುತ್ತ ಅದು ತಾನಾಗಿಯೇ ಸುರುಳಿ ಸುತ್ತಿಕೊಳ್ಳುತ್ತದೆ. ಪಾರಸಿ ಭಾಷೆಯಲ್ಲಿ ‘ದಾರ್’ ಎಂದರೆ ಮರ ಅಥವಾ ಕಟ್ಟಿಗೆ. ‘ದಾರ್‌ಚೀನಿ’ ಎಂದರೆ ಚೀನಾದ ಕಟ್ಟಿಗೆ. ಆ ಮಾತೇ ಸವೆದು ನಮ್ಮಲ್ಲಿ ದಾಲ್ಚಿನ್ನಿ ಆಯಿತು. ಮರಾಠಿಯವರಿಗೂ ಅದು ಬಹಳ ಬೇರೆಯಲ್ಲ, ದಾಲಚಿನಿ.

ಈ ದಾಲ್ಚಿನ್ನಿ ಹಾಕಿ ನಾವು ಒಮ್ಮೆ ಒಲೆಯ ಮೇಲೆ ಕೇಕ್ ಮಾಡಿದೆವು. ಅದರ ಸಂಗತಿಯನ್ನು ನಿಮಗೆ ಹೇಳಬೇಕು.

ನಮ್ಮ ನೆರೆಮನೆಯಲ್ಲಿ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳಿದ್ದಳು. ಹೆಸರು ಹೇಳುವುದಿಲ್ಲ, ಹೇಳಿದರೆ ನಾಚಿಕೊಳ್ಳುತ್ತಾಳೆ. ಅವಳ ಅಪ್ಪ ಅವ್ವ ಪ್ರತಿವರ್ಷ ದೀಪಾವಳಿ ಮುಗಿದ ಮೇಲೆ ಕಬ್ಬು ಕಡಿಯಲು ಹೋಗುತ್ತಿದ್ದರು. ನಮ್ಮ ಸಾಂಗಲಿ ಜಿಲ್ಲೆಯ ಪಶ್ಚಿಮದಲ್ಲಿ ಕೃಷ್ಣಾ ನದಿಯ ದಂಡೆಗೆ ಕಬ್ಬು ತಲೆಯೆತ್ತರ ಬೆಳೆಯುತ್ತದೆ. ಪೂರ್ವದ ಜತ್ತದಲ್ಲಿ ಮಳೆ ಕಡಿಮೆ. ಇತ್ತೀಚೆಗೆ ಮ್ಹೈಸಾಳ ಯೋಜನೆಯ ನೀರು ಕೆಲವು ಊರುಗಳಿಗೆ ಬಂದಿದೆ. ಆದರೂ ಇಲ್ಲಿಂದ ಅನೇಕರು ಕೋಯ್ತಾ ಹಿಡಿದು ಆ ಕಡೆಗೆ ಹೋಗುವುದು ನಿಮಗೆ ಗೊತ್ತೇ ಇದೆ. ನಿಮ್ಮಲ್ಲಿ ಕೆಲವರ ಮನೆಯ ಮಾತೂ ಇದೇ ಆಗಿರಬಹುದು.

ಹುಡುಗಿ ತನ್ನ ಆಯಿಯ ಹತ್ತಿರ ಇರುತ್ತಿದ್ದಳು. ಯುಗಾದಿಗೆ ನಾಲ್ಕು ದಿನ ಮುಂಚೆ ಅವಳು ನನ್ನ ಬಳಿ ಬಂದು, “ಮೇಡಂ, ಶನಿವಾರ ಅವ್ವ ಬರ್ತಾಳ. ನಾ ಕೇಕ್ ಮಾಡ್ಬೇಕು. ಹೆಂಗ ಮಾಡ್ತಾರ ಹೇಳ್ರಿ” ಎಂದಳು.

“ಜತ್ತದ ಬೇಕರಿಯಾಗ ಸಿಗ್ತದಲ್ಲ?” ಎಂದೆ.

“ಅದು ಬ್ಯಾಡ್ರಿ. ನಾನs ಮಾಡ್ತೀನಿ. ಅವ್ವನ್ನ ನೋಡಿ ಐದು ತಿಂಗಳಾತು.”

ನಮ್ಮ ಎರಡೂ ಮನೆಯಲ್ಲಿ ಓವನ್ ಇರಲಿಲ್ಲ. ಬೇಕರಿಯ ಭಟ್ಟಿಯಲ್ಲಿ ಸುತ್ತಲಿಂದ ಕಾವು ಬರುತ್ತದೆ, ಒಲೆಯಲ್ಲಿ ಕೆಳಗಿನಿಂದ ಮಾತ್ರ. ಆದರೆ ದಪ್ಪ ಬೋಗುಣಿಯಲ್ಲಿ ಉಸುಕು ಹಾಕಿ, ಮುಚ್ಚಳ ಮುಚ್ಚಿ ಕಾಯಿಸಿದರೆ ಅದೇ ಒಂದು ಸಣ್ಣ ಭಟ್ಟಿಯಾಗುತ್ತದೆ. ಉಸುಕು ಬೇಗ ಆರುವುದಿಲ್ಲ. ಕಾವನ್ನು ಹಿಡಿದಿಟ್ಟುಕೊಂಡು ಮೆಲ್ಲಗೆ ಕೊಡುತ್ತದೆ.

ಆಯಿಗೆ ಈ ಮಾತು ಹಿಡಿಸಲಿಲ್ಲ. “ಮಸಾಲಿ ಸಾಮಾನ ಸಿಹಿಯೊಳಗ ಹಾಕ್ತಾರೇನ್ರಿ ಅಕ್ಕಾವ್ರ? ಉಸುಕಿನ ಮ್ಯಾಲೆ ಹಿಟ್ಟು ಬೇಯಸ್ತಾರೇನು? ಒಂದ ಮುಟಿಗಿ ಹಿಟ್ಟೂ ಹಾಳಾಗಬಾರದು ನೋಡ್ರಿ” ಎಂದರು.

ಅವರ ಮಾತಿಗೆ ಕಾರಣವಿತ್ತು. 1972ರ ಬರಗಾಲದಲ್ಲಿ ಆಯಿ ಇನ್ನೂ ಹುಡುಗಿ. ಮಹಾರಾಷ್ಟ್ರದ ಹಳ್ಳಿಹಳ್ಳಿಗಳಲ್ಲಿ ಜನರು ಬರಗಾಲದ ಕಾಮಗಾರಿಗೆ ಹೋಗಿ ಕಲ್ಲು ಒಡೆದ ಕಾಲ ಅದು. ಆಯಿಯೂ ಒಡೆದಿದ್ದರು. ಅಲ್ಲಿ ಸುಕಡಿ ಎಂಬ ಸಿಹಿ ಹಿಟ್ಟನ್ನು ಹಂಚುತ್ತಿದ್ದರು. ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ತಮ್ಮಂದಿರಿಗೆ ಕೊಡುತ್ತಿದ್ದರಂತೆ. ಅಂಥವರ ಮುಂದೆ ಎರಡು ವಾಟಿ ಗೋಧಿ ಹಿಟ್ಟು ಎಂದರೆ ಸಣ್ಣ ಮಾತಲ್ಲ.

ಕೊನೆಗೆ ಮೊಮ್ಮಗಳ ಮುಖ ನೋಡಿ ಒಪ್ಪಿದರು. ಒಂದು ಷರತ್ತು: ಬೆಂಕಿ ಅವರದು!

ಶುಕ್ರವಾರ ಸಂಜೆ ಕೆಲಸಕ್ಕೆ ಕುಳಿತೆವು. ಬೋಗುಣಿಯಲ್ಲಿ ಎರಡು ಬೆರಳು ದಪ್ಪ ಉಸುಕು ಹಾಕಿ ಒಲೆಯ ಮೇಲೆ ಇಟ್ಟೆವು. ಅದು ಕಾಯುವವರೆಗೆ ನಾನು ಅವರಿಗೊಂದು ಸಂಗತಿ ಹೇಳಿದೆ. ನೀವೂ ಕೇಳಿರಿ.

ಕೇರಳದ ಕಣ್ಣೂರಿನ ಹತ್ತಿರ ಅಂಜರಕಂಡಿ ಎಂಬ ಊರಿದೆ. ಹಿಂದೆ ಅಲ್ಲಿ ದೊಡ್ಡ ದಾಲ್ಚಿನ್ನಿ ತೋಟವಿತ್ತು. ಸಮೀಪದ ತಲಶ್ಶೇರಿಯಲ್ಲಿ ಮಾಂಬಳ್ಳಿ ಬಾಪು ಎಂಬವರು ಬಿಸ್ಕತ್ತಿನ ಕಾರಖಾನೆ ನಡೆಸುತ್ತಿದ್ದರು. ಅವರು ಬಿಸ್ಕತ್ತು ಮಾಡುವುದನ್ನು ಬರ್ಮಾ ದೇಶದಲ್ಲಿ ಕಲಿತಿದ್ದರು. 1883ರಲ್ಲಿ ಆ ತೋಟದ ಬ್ರಿಟಿಷ್ ಒಡೆಯರು ಇಂಗ್ಲೆಂಡಿನ ಕೇಕ್ ಒಂದನ್ನು ತಂದುಕೊಟ್ಟು, “ಇಂಥದನ್ನು ಮಾಡಿಕೊಡುವಿರಾ?” ಎಂದು ಕೇಳಿದರಂತೆ. ಬಾಪು ಕಮ್ಮಾರನಿಂದ ಅಚ್ಚು ಮಾಡಿಸಿದರು. ಊರಲ್ಲಿ ಸಿಗುವ ಬಾಳೆಹಣ್ಣು, ಸಾಂಬಾರ ಪದಾರ್ಥಗಳನ್ನೇ ಬಳಸಿ ಕೇಕ್ ಬೇಯಿಸಿದರು. ನಮ್ಮ ದೇಶದಲ್ಲಿ ಕ್ರಿಸ್‌ಮಸ್ ಕೇಕ್ ಮಾಡಿದ ಮೊದಲ ಭಾರತೀಯರು ಅವರೇ ಎಂದು ಹೇಳುತ್ತಾರೆ.

ದಾಲ್ಚಿನ್ನಿಯ ಕೇಕಿಗೆ ಅಮೆರಿಕದಲ್ಲಿ ‘ಕಾಫಿ ಕೇಕ್’ ಎಂಬ ಹೆಸರುಂಟು. ಆದರೆ ಸಾಮಾನ್ಯವಾಗಿ ಅದರಲ್ಲಿ ಕಾಫಿ ಇರುವುದಿಲ್ಲ. ಕಾಫಿಯ ಜೊತೆ ತಿನ್ನುವುದಕ್ಕೆ ಆ ಹೆಸರು, ಅಷ್ಟೇ! ನಮ್ಮ ಕಡೆ ಅದಕ್ಕೆ ಚಹಾದ ಕೇಕ್ ಎನ್ನಬೇಕಾದೀತು.

ಹುಡುಗಿ ಎರಡು ವಾಟಿ ಗೋಧಿ ಹಿಟ್ಟನ್ನು ಸಾಣಿಗೆಯಿಂದ ಸಾಣಿಸಿದಳು. ಅದಕ್ಕೆ ಒಂದು ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ತಿನ್ನುವ ಸೋಡಾ, ಒಂದು ಚಿಟಿಕೆ ಉಪ್ಪು ಬೆರೆಸಿದಳು. ಇನ್ನೊಂದು ಪಾತ್ರೆಯಲ್ಲಿ ಒಂದು ವಾಟಿ ಮೊಸರು, ಒಂದು ವಾಟಿ ಬೆಲ್ಲದ ಪುಡಿ, ಅರ್ಧ ವಾಟಿ ಎಣ್ಣೆ ಹಾಕಿ ಬೆಲ್ಲ ಕರಗುವವರೆಗೆ ಕಲಕಿದಳು. ತತ್ತಿ ಹಾಕಲಿಲ್ಲ, ಆಯಿ ತಿನ್ನುವುದಿಲ್ಲ. ಎರಡನ್ನೂ ಕೂಡಿಸಿ, ಸ್ವಲ್ಪ ಹಾಲು ಹಾಕಿ, ಇಡ್ಲಿಯ ಹಿಟ್ಟಿನ ಹದಕ್ಕೆ ತಂದಳು. ಒಂದು ಚಮಚ ದಾಲ್ಚಿನ್ನಿಯ ಪುಡಿ, ಮೂರು ಚಮಚ ಬೆಲ್ಲ, ಕುಟ್ಟಿದ ಒಂದು ಹಿಡಿ ಶೇಂಗಾ, ಈ ಮೂರನ್ನು ಬೇರೆಯೇ ಕಲಸಿಟ್ಟಿದ್ದೆವು. ಎಣ್ಣೆ ಸವರಿದ ಡಬ್ಬಿಗೆ ಅರ್ಧ ಹಿಟ್ಟು ಹೊಯ್ದು, ಅದರ ಮೇಲೆ ಈ ಪುಡಿಯನ್ನು ಉದುರಿಸಿ, ಉಳಿದ ಹಿಟ್ಟು ಹೊಯ್ದು, ಮತ್ತೆ ಪುಡಿ ಉದುರಿಸಿದಳು.

ನೀವು ಮಾಡುವುದಾದರೆ ಒಲೆಯ ಹತ್ತಿರ ದೊಡ್ಡವರು ಇರಲೇಬೇಕು. ಕಾದ ಉಸುಕು ನೋಡುವುದಕ್ಕೆ ತಣ್ಣಗೆ ಕಾಣುತ್ತದೆ, ಮುಟ್ಟಿದರೆ ಬೊಬ್ಬೆ ಏಳುತ್ತದೆ.

ಇನ್ನು ಆಯಿಯ ಕೆಲಸ. ಅವರು ಉಸುಕಿನ ಮೇಲೆ ಒಂದು ಗೇಣು ಎತ್ತರದಲ್ಲಿ ಅಂಗೈ ಹಿಡಿದರು. “ಇನ್ನೂ ಆಗಿಲ್ಲ” ಎಂದರು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹಿಡಿದು, “ಈಗ ಇಡ್ರಿ” ಎಂದರು. ಡಬ್ಬಿ ಇಟ್ಟು ಮುಚ್ಚಳ ಮುಚ್ಚಿದ ಕೂಡಲೇ ಉರಿಯುವ ಕಟ್ಟಿಗೆಯನ್ನು ಹಿಂದಕ್ಕೆ ಎಳೆದು, ಬರೀ ಕೆಂಡ ಉಳಿಸಿದರು. ಎರಡು ಕುಳ್ಳು ಹಾಕಿದರು. ಆಮೇಲೆ ನಾನು ಹೇಳದೆಯೇ ನಾಲ್ಕು ಕೆಂಡಗಳನ್ನು ಇಕ್ಕಳದಿಂದ ಎತ್ತಿ ಮುಚ್ಚಳದ ಮೇಲೆ ಇಟ್ಟರು. ಕೆಳಗೂ ಕಾವು, ಮೇಲೂ ಕಾವು. ಬೇಕರಿಯ ಭಟ್ಟಿಯನ್ನು ಅವರು ಎಂದೂ ನೋಡಿದವರಲ್ಲ.

ಹುಡುಗಿ ಐದು ನಿಮಿಷಕ್ಕೊಮ್ಮೆ ಮುಚ್ಚಳಕ್ಕೆ ಕೈ ಹಾಕಲು ಹೋಗುತ್ತಿದ್ದಳು. ನಾನು ಬಿಡಲಿಲ್ಲ. ಏಕೆ ಗೊತ್ತೇ? ಮೊಸರಿನ ಹುಳಿಯೂ ಸೋಡಾವೂ ಕೂಡಿದಾಗ ಕಾರ್ಬನ್ ಡೈಆಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದರ ಗುಳ್ಳೆಗಳು ಹಿಟ್ಟನ್ನು ಒಳಗಿನಿಂದ ಎತ್ತುತ್ತವೆ. ಗೋಧಿ ಹಿಟ್ಟಿಗೆ ಜಿಗುಟು ಉಂಟು, ಅದು ಗುಳ್ಳೆಗಳನ್ನು ಹಿಡಿದಿಡುತ್ತದೆ. ಆದರೆ ಹಿಟ್ಟು ಬೆಂದು ಗಟ್ಟಿಯಾಗುವ ಮೊದಲೇ ಕಾವು ತಪ್ಪಿದರೆ ಕೇಕ್ ನಡುವೆ ಕುಸಿಯುತ್ತದೆ.

ಇದನ್ನು ಕೇಳಿ ಆಯಿ ನಕ್ಕರು. “ಉಬ್ಬಸಾಕ ಇಷ್ಟೆಲ್ಲಾ ಬೇಕೇನ್ರಿ? ನನ್ನ ರೊಟ್ಟಿ ಬರೇ ನೀರಿಗೇ ಉಬ್ಬತಾವ.”

ಅದೂ ನಿಜವೇ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟು ಇಲ್ಲ. ಆದರೂ ಬಿಸಿನೀರಿನಲ್ಲಿ ನಾದಿ ತಟ್ಟಿದ ರೊಟ್ಟಿಯ ಒಳಗಿನ ನೀರು ಆವಿಯಾಗಿ, ಹೊರಬರಲು ದಾರಿ ಸಿಗದೆ, ಮೇಲಿನ ಪದರನ್ನು ಎತ್ತುತ್ತದೆ. ಅದಕ್ಕೆ ಬೇಕಾದದ್ದು ಪಳಗಿದ ಕೈ.

ಮುಕ್ಕಾಲು ಗಂಟೆಯ ಮೇಲೆ ಓಣಿಯ ತುಂಬ ವಾಸನೆ ಹಬ್ಬಿತು. ನಾಲ್ಕು ಮಕ್ಕಳು ಬಾಗಿಲಲ್ಲಿ ಬಂದು ನಿಂತರು. ಒಂದು ಸಣ್ಣ ಕಡ್ಡಿಯನ್ನು ನಡುವೆ ಚುಚ್ಚಿ ತೆಗೆದೆವು. ಹಿಟ್ಟು ಅಂಟಿರಲಿಲ್ಲ. ಕೇಕ್ ಬೆಂದಿತ್ತು!

ಆದರೆ ಶನಿವಾರ ಅವ್ವ ಬರಲಿಲ್ಲ. ಇನ್ನೂ ಒಂದು ಹೊಲದ ಕಬ್ಬು ಉಳಿದಿದೆ ಎಂದು ಫೋನು ಬಂತು. ಹುಡುಗಿ ಏನೂ ಅನ್ನಲಿಲ್ಲ. ಕೇಕನ್ನು ಶುದ್ಧ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ಆಯಿಯ ಕೈಗೆ ಕೊಟ್ಟಳು. ಆಯಿ ಅದನ್ನು ನೆಲುವಿನ ಮೇಲೆ ಇಟ್ಟರು. “ಒಂದ ತುಣುಕು ತಿನ್ನು ಮಗಳs” ಎಂದರೂ ಅವಳು ಒಲ್ಲೆ ಎಂದಳು. ಭಾನುವಾರವೂ ಹಾಗೆಯೇ ಹೋಯಿತು. ಶಾಲೆಯಿಂದ ಬಂದಾಗಲೆಲ್ಲ ನನ್ನ ಕಣ್ಣೂ ಆ ನೆಲುವಿನ ಕಡೆಗೇ ಹೋಗುತ್ತಿತ್ತು.

ಸೋಮವಾರ ಸಂಜೆ ಟ್ರ್ಯಾಕ್ಟರ್ ಬಂದು ನಿಂತಿತು. ಹಾಸಿಗೆ, ಪಾತ್ರೆಗಳ ಗಂಟಿನ ಜೊತೆ ಅವ್ವ ಇಳಿದಳು. ಕಬ್ಬಿನ ಗರಿ ಕೊಯ್ದು ಅವಳ ಕೈತುಂಬ ಗೆರೆಗಳಿದ್ದವು. ಕೈಕಾಲು ತೊಳೆದು ಕುಳಿತ ಮೇಲೆ ಮಗಳು ಚಹಾದ ಜೊತೆ ಕೇಕಿನ ತುಣುಕು ಕೊಟ್ಟಳು. ಕೊಯ್ದಲ್ಲಿ ನಡುವೆ ದಾಲ್ಚಿನ್ನಿಯ ಕಂದು ಗೆರೆ ಕಾಣುತ್ತಿತ್ತು. ಅಂಚು ತುಸು ಒಣಗಿತ್ತು, ಒಳಗೆ ಮೆತ್ತಗಿತ್ತು.

“ಇದರೊಳಗ ಏನೇನ ಹಾಕೀಯವ್ವಾ?” ಎಂದು ಅವ್ವ ಕೇಳಿದಳು.

ಹುಡುಗಿ ಬೆರಳು ಮಡಿಚುತ್ತ ಎಣಿಸತೊಡಗಿದಳು. “ಗೋಧಿ ಹಿಟ್ಟು, ಬೆಲ್ಲ, ಮೊಸರು, ಸೋಡಾ, ಶೇಂಗಾ, ದಾಲ್ಚಿನ್ನಿ…”

ಒಲೆಯ ಮುಂದೆ ಕುಳಿತಿದ್ದ ಆಯಿ ತಿರುಗಿ ನೋಡಿ, “ಕೆಂಡಾ ಹಾಕಿದಾಕಿ ನಾನು. ಅದನ್ನೂ ಹೇಳು” ಎಂದರು.