ಥೇಮ್ಸ್ ದಂಡೆಯ ಪ್ರಶ್ನೋತ್ತರ

ಲಂಡನ್ನಿಗೆ ಹೋಗಿಬಂದವರು ಹೇಳುವ ಮಾತು ಸಾಮಾನ್ಯವಾಗಿ ಒಂದೇ ಬಗೆಯದು: ಗೋಪುರ ನೋಡಿದೆವು, ಅರಮನೆಯ ಮುಂದೆ ಕಾವಲುಗಾರರು ಬದಲಾಗುವುದನ್ನು ನೋಡಿದೆವು, ವಸ್ತುಸಂಗ್ರಹಾಲಯದಲ್ಲಿ ಕಾಲು ನೋಯುವ ತನಕ ಸುತ್ತಿದೆವು. ನಾವೂ ಅವೆಲ್ಲವನ್ನೂ ನೋಡಿದೆವು. ಆದರೆ ಇಲ್ಲಿ ಬರೆಯಹೊರಟಿರುವುದು ಅವುಗಳ ವಿಷಯವಲ್ಲ. ಕಾಸು ಖರ್ಚಿಲ್ಲದೆ, ಕುಳಿತಲ್ಲಿಯೇ ಕುಳಿತು, ಮುಕ್ಕಾಲು ಗಂಟೆಯೊಳಗೆ ಒಂದು ದೇಶದ ಮನಸ್ಸನ್ನು ಕಾಣಬಹುದಾದ ಸ್ಥಳವೊಂದು ಅಲ್ಲಿದೆ. ಅದು ಬ್ರಿಟಿಷ್ ಪಾರ್ಲಿಮೆಂಟಿನ ಮೇಲ್ಮನೆ, ಲಾರ್ಡ್ಸ್ ಸಭೆ. ಅಲ್ಲಿಯ ಪ್ರಶ್ನೋತ್ತರದ ವೇಳೆಯ ಸಂಗತಿಯನ್ನು ವಾಚಕ ಬಂಧುಗಳಿಗೆ ತಿಳಿಸಬೇಕೆಂಬುದು ನಮ್ಮ ಆಸೆ.

೨೦೨೩ರ ಶರತ್ಕಾಲದಲ್ಲಿ ನಾವು ದಂಪತಿಗಳು ಮಗಳ ಮನೆಯಲ್ಲಿ ಎರಡು ತಿಂಗಳು ಇದ್ದೆವು. ಮಗಳೂ ಅಳಿಯಂದಿರೂ ಕೆಲಸಕ್ಕೆ ಹೋದ ಮೇಲೆ ಹಗಲು ನಮ್ಮದೇ. ಹೀಗಾಗಿ ಮೂರು ನಾಲ್ಕು ಬಾರಿ ಪಾರ್ಲಿಮೆಂಟಿನ ಕಡೆಗೆ ಹೋದೆವು. ಸೋಮವಾರ, ಮಂಗಳವಾರ ಮಧ್ಯಾಹ್ನ ಎರಡೂವರೆಗೆ, ಬುಧವಾರ ಮೂರಕ್ಕೆ, ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಲಾರ್ಡ್ಸ್ ಸಭೆ ಸೇರುತ್ತದೆ. ವಿಮಾನ ನಿಲ್ದಾಣದಲ್ಲಿ ಮಾಡುವಂತೆಯೇ ಚೀಲ, ಕೋಟು, ನಡುಪಟ್ಟಿ ಎಲ್ಲವನ್ನೂ ತಪಾಸಣೆ ಮಾಡಿ ಒಳಗೆ ಬಿಡುತ್ತಾರೆ. ಮೊದಲು ಬಿಷಪ್ಪರೊಬ್ಬರು ಪ್ರಾರ್ಥನೆ ಮಾಡುತ್ತಾರೆ. ಆ ಹೊತ್ತಿನಲ್ಲಿ ಹೊರಗಿನವರಿಗೆ ಪ್ರವೇಶವಿಲ್ಲ. ಅದು ಮುಗಿದ ಮೇಲೆ ನಾವು ಮೆಟ್ಟಿಲೇರಿ ಗ್ಯಾಲರಿಯಲ್ಲಿ ಕುಳಿತೆವು.

ಕೆಳಗೆ ಕಂಡ ನೋಟ ನಾಟಕರಂಗವನ್ನು ನೆನಪಿಗೆ ತರುವಂಥದು. ಕೆಂಪು ಚರ್ಮದ ಪೀಠಗಳ ಸಾಲು, ತುದಿಯಲ್ಲಿ ಬಂಗಾರದ ಬಣ್ಣದಲ್ಲಿ ಹೊಳೆಯುವ ರಾಜಸಿಂಹಾಸನ. ಅದರ ಮುಂದೆ ಉಣ್ಣೆ ತುಂಬಿದ ಒಂದು ದೊಡ್ಡ ಕೆಂಪು ಮೆತ್ತೆ. ಸಭಾಧ್ಯಕ್ಷರು ಅದರ ಮೇಲೆ ಕೂರುತ್ತಾರೆ. ಇಂಗ್ಲೆಂಡಿನ ಐಶ್ವರ್ಯವೆಲ್ಲ ಕುರಿಯ ಉಣ್ಣೆಯಿಂದ ಬರುತ್ತಿದ್ದ ಹದಿನಾಲ್ಕನೆಯ ಶತಮಾನದ ಪದ್ಧತಿ ಇದೆಂದು ಹೇಳುತ್ತಾರೆ.

ಆಡಂಬರವನ್ನು ಕಂಡು ಇದು ಬರಿಯ ತೋರಿಕೆಯೆಂದುಕೊಂಡರೆ ತಪ್ಪಾದೀತು. ದಿನಕ್ಕೆ ನಾಲ್ಕು ಪ್ರಶ್ನೆಗಳು, ಒಂದೊಂದಕ್ಕೆ ಹತ್ತು ನಿಮಿಷ. ಪ್ರಶ್ನೆ ಕೊಟ್ಟವರು ಎದ್ದು, ಮುದ್ರಿತ ಪಟ್ಟಿಯಲ್ಲಿ ತಮ್ಮ ಹೆಸರಿನಲ್ಲಿರುವ ಪ್ರಶ್ನೆಯನ್ನು ಕೇಳಲು ಅನುಮತಿ ಬೇಡುತ್ತೇನೆಂದು ಹೇಳಿ ಕೂರುತ್ತಾರೆ. ಮಂತ್ರಿ ಎದ್ದು ಸಿದ್ಧ ಉತ್ತರವನ್ನು ಓದುತ್ತಾರೆ. ನಿಜವಾದ ಕುಸ್ತಿ ಆಮೇಲೆ. ಉಪಪ್ರಶ್ನೆಗಳನ್ನು ಮೊದಲೇ ತಿಳಿಸಬೇಕಾಗಿಲ್ಲ. ಯಾರು ಬೇಕಾದರೂ ಏಳಬಹುದು. ಮಂತ್ರಿಯ ಕೈಯಲ್ಲಿರುವ ಕಾಗದದ ಕಂತೆ ಆಗ ಎಷ್ಟು ನೆರವಾಗುತ್ತದೋ ಆತನ ಅದೃಷ್ಟ.

ಮತ್ತೊಂದು ವಿಶೇಷ. ಮುಂದೆ ಯಾರು ಮಾತಾಡಬೇಕೆಂದು ಅಪ್ಪಣೆ ಕೊಡುವ ಅಧಿಕಾರ ಇಲ್ಲಿಯ ಅಧ್ಯಕ್ಷರಿಗೆ ಇಲ್ಲ. ಇಬ್ಬರು ಒಟ್ಟಿಗೆ ಎದ್ದರೆ ಒಬ್ಬರು ತಾವಾಗಿ ಕೂರಬೇಕು. ಇಬ್ಬರೂ ನಿಂತೇ ಇದ್ದರೆ ಸಭೆಯೇ ಗುನುಗುಟ್ಟಿ ಒಬ್ಬರನ್ನು ಕೂರಿಸುತ್ತದೆ. ಬಸ್ಸಿನಲ್ಲಿ ಜಾಗ ಹಿಡಿಯುವ ನಮ್ಮ ಪರಿಯನ್ನು ನೆನೆದು ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಕೇಳುವ ಸಂಪ್ರದಾಯ ದಾಖಲೆಯಲ್ಲಿ ಮೊದಲು ಕಾಣುವುದು ಈ ಸಭೆಯಲ್ಲಿಯೇ. ೧೭೨೧ರಲ್ಲಿ ‘ಸೌತ್ ಸೀ’ ಕಂಪೆನಿ ಮುಳುಗಿ ಸಾವಿರಾರು ಮಂದಿ ಹಣ ಕಳೆದುಕೊಂಡಿದ್ದರು; ಅದರ ಖಜಾಂಚಿ ದೇಶ ಬಿಟ್ಟು ಓಡಿದ್ದ. ಅವನು ಸೆರೆಸಿಕ್ಕಿದನೆಂಬ ಸುದ್ದಿ ನಿಜವೇ ಎಂದು ಅರ್ಲ್ ಕೌಪರ್ ಎಂಬಾತ ಸರಕಾರವನ್ನು ಕೇಳಿದ. ಜನರ ದುಡ್ಡು ಎಲ್ಲಿ ಹೋಯಿತು ಎಂಬಲ್ಲಿಂದ ಆರಂಭವಾದದ್ದು ಈ ಪದ್ಧತಿ. ನಮ್ಮಲ್ಲಿಯೂ ವಿಮಾ ನಿಗಮದ ಹಣವನ್ನು ಮುಂಧ್ರಾ ಕಂಪೆನಿಗಳಲ್ಲಿ ತೊಡಗಿಸಿದ್ದರ ಬಗ್ಗೆ ೧೯೫೭ರಲ್ಲಿ ಲೋಕಸಭೆಯಲ್ಲಿ ಪ್ರಶ್ನೆಗಳೆದ್ದು, ಮರುವರ್ಷ ಹಣಕಾಸಿನ ಮಂತ್ರಿಗಳು ರಾಜೀನಾಮೆ ಕೊಟ್ಟದ್ದನ್ನು ಹಿರಿಯ ವಾಚಕರು ಬಲ್ಲರು.

ನಾವು ಹೋಗಿದ್ದ ಆ ದಿನಗಳಲ್ಲಿ ಶಾಲೆಗಳ ವಿಷಯ ಎಲ್ಲರ ಬಾಯಲ್ಲಿತ್ತು. ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಗಾಳಿಗುಳ್ಳೆ ತುಂಬಿದ ಒಂದು ಬಗೆಯ ಹಗುರ ಕಾಂಕ್ರೀಟಿನಿಂದ ಅಲ್ಲಿ ಅನೇಕ ಶಾಲೆಗಳ ಸೂರು ಹಾಕಿದ್ದರು. ಅದು ಹಳತಾದರೆ ಮುನ್ಸೂಚನೆಯಿಲ್ಲದೆ ಕುಸಿಯಬಹುದು. ೨೦೨೩ರ ಆಗಸ್ಟ್ ಕೊನೆಯಲ್ಲಿ, ರಜೆ ಮುಗಿಯಲು ಕೆಲವೇ ದಿನ ಉಳಿದಿರುವಾಗ, ಇಂಗ್ಲೆಂಡಿನ ನೂರಕ್ಕೂ ಹೆಚ್ಚು ಶಾಲೆಗಳಿಗೆ ಅಂಥ ಕಟ್ಟಡಗಳನ್ನು ಮುಚ್ಚುವಂತೆ ಸರಕಾರ ತಿಳಿಸಿತು. ನಮ್ಮ ಮೊಮ್ಮಗನ ಶಾಲೆಯಲ್ಲಿಯೂ ಊಟದ ಹಜಾರಕ್ಕೆ ಬೀಗ ಬಿದ್ದಿತ್ತು. ಮಕ್ಕಳು ತರಗತಿಯಲ್ಲಿಯೇ ಬುತ್ತಿ ಬಿಚ್ಚುತ್ತಿದ್ದರು. ಇನ್ನೂ ಎಷ್ಟು ಶಾಲೆಗಳಿವೆ, ದುರಸ್ತಿಗೆ ಹಣ ಕೊಡುವವರಾರು, ಯಾವ ತಿಂಗಳಿಗೆ ಮುಗಿಯುತ್ತದೆ ಎಂದು ಕೆಳಗೆ ಒಬ್ಬರಾದ ಮೇಲೊಬ್ಬರು ಎದ್ದು ಕೇಳುತ್ತಿದ್ದಾಗ, ನಮ್ಮ ಮನೆಯವರು ಮೆಲ್ಲಗೆ ಹೇಳಿದರು: “ಅಲ್ಲಾ ರೀ, ಇಷ್ಟು ದೊಡ್ಡ ಸಭೆ ನಮ್ಮ ಪುಟ್ಟನ ಶಾಲೆಯ ಸೂರಿನ ಮಾತಾಡ್ತಾ ಇದೆಯಲ್ಲ!” ಮಂತ್ರಿ ಕೊಟ್ಟ ಉತ್ತರ ಪೂರ್ತಿ ಸಮಾಧಾನ ತರುವಂಥದೇನೂ ಆಗಿರಲಿಲ್ಲ. ಆದರೆ ಉತ್ತರ ಕೊಡದೆ ಅವರಿಗೆ ಗತಿಯಿರಲಿಲ್ಲ.

ಹಾಗಾದರೆ ಕೇಳುತ್ತಿರುವ ಇವರು ಯಾರು? ಇವರಲ್ಲಿ ಯಾರನ್ನೂ ಜನ ಆರಿಸಿ ಕಳಿಸಿದ್ದಲ್ಲ. ಹೆಚ್ಚಿನವರು ಬಾಳಿನಲ್ಲಿ ಮಾಡಿದ ಕೆಲಸಕ್ಕಾಗಿಯೋ ಪಕ್ಷದ ಸೇವೆಗಾಗಿಯೋ ಆಯುಷ್ಯವಿರುವ ತನಕ ನೇಮಕಗೊಂಡವರು. ಆದರೆ ತಂದೆಯ ಪದವಿ ಮಗನಿಗೆ ಎಂಬ ಲೆಕ್ಕದಲ್ಲಿ ಬಂದವರೂ ಶತಮಾನಗಳಿಂದ ಇದ್ದರು. ನಮ್ಮ ಹಳ್ಳಿಗಳ ಪಟೇಲಿಕೆ, ಶಾನುಭೋಗಿಕೆಗಳನ್ನು ನೆನೆದರೆ ಸಾಕು, ಅರ್ಥವಾದೀತು. ಭಾರತೀಯರಲ್ಲಿ ಮೊದಲು ಇಂಥ ಪದವಿ ಪಡೆದವರು ಬಂಗಾಳದ ಸತ್ಯೇಂದ್ರ ಪ್ರಸನ್ನ ಸಿನ್ಹಾ, ೧೯೧೯ರಲ್ಲಿ. ೧೯೯೯ರ ಕಾನೂನು ಆರುನೂರಕ್ಕೂ ಹೆಚ್ಚು ವಂಶಪಾರಂಪರ್ಯದ ಪ್ರಭುಗಳನ್ನು ಮನೆಗೆ ಕಳಿಸಿತು. ರಾಜಿಯಾಗಿ, ಸದ್ಯಕ್ಕೆಂದು, ೯೨ ಸ್ಥಾನಗಳನ್ನು ಉಳಿಸಿತು. ಅವುಗಳಲ್ಲಿ ಒಂದು ತೆರವಾದರೆ ಆಗೆಲ್ಲ ಉಪಚುನಾವಣೆ ನಡೆಯುತ್ತಿತ್ತು! ೨೦೧೬ರಲ್ಲಿ ನಡೆದ ಅಂಥದೊಂದರಲ್ಲಿ ಅಭ್ಯರ್ಥಿಗಳು ಏಳು ಜನ, ಮತದಾರರು ಮೂವರು. ಮೂರೂ ಮತ ವೈಕೌಂಟ್ ಥರ್ಸೋ ಎಂಬವರಿಗೇ ಬಿದ್ದುವು.

ನಗಬಹುದು. ಆದರೆ ಇದನ್ನು ಕಂಡು ಮೊದಲು ನಕ್ಕವರು ಅದೇ ಸಭೆಯವರು. ಈ ಉಪಚುನಾವಣೆಗಳನ್ನು ನಿಲ್ಲಿಸಬೇಕೆಂದು ಲಾರ್ಡ್ ಗ್ರೋಕಾಟ್ ವರುಷ ವರುಷವೂ ಖಾಸಗಿ ಮಸೂದೆ ತಂದರು. ೨೦೨೪ರ ಸೆಪ್ಟೆಂಬರಿನಲ್ಲಿ ಹೊಸ ಸರಕಾರ ಉಳಿದ ಸ್ಥಾನಗಳನ್ನೂ ತೆಗೆಯುವ ಮಸೂದೆಯನ್ನು ಕಾಮನ್ಸ್ ಸಭೆಯಲ್ಲಿ ಮಂಡಿಸಿತು. ನಮ್ಮ ರಾಜ್ಯ ೧೯೬೧ರ ಕಾಯಿದೆಯಿಂದಲೇ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ತೆಗೆದುಹಾಕಿತ್ತೆಂಬುದನ್ನು ನೆನೆದು ನಾವು ಸ್ವಲ್ಪ ಹೆಮ್ಮೆಪಟ್ಟುಕೊಂಡರೆ ದೋಷವಿಲ್ಲ.

ಇನ್ನು ನ್ಯಾಯಾಧೀಶರ ನೇಮಕದ ಮಾತು. ಹಿಂದೆ ಲಾರ್ಡ್ ಛಾನ್ಸಲರ್ ಎಂಬ ಒಬ್ಬನೇ ಈ ಸಭೆಯ ಅಧ್ಯಕ್ಷ, ಸರಕಾರದ ಮಂತ್ರಿ, ನ್ಯಾಯಾಂಗದ ಮುಖ್ಯಸ್ಥ, ನ್ಯಾಯಾಧೀಶರನ್ನು ಆರಿಸುವವನೂ ಅವನೇ. ದೇಶದ ಅತ್ಯುಚ್ಚ ನ್ಯಾಯಾಲಯವೂ ಈ ಸಭೆಯ ಒಂದು ಸಮಿತಿಯೇ ಆಗಿತ್ತು. ೨೦೦೫ರ ಕಾನೂನು ಈ ಗಂಟನ್ನು ಬಿಡಿಸಿತು. ೨೦೦೬ರಿಂದ ಹದಿನೈದು ಸದಸ್ಯರ ಆಯೋಗವೊಂದು ಅರ್ಜಿ ಕರೆದು, ಪರೀಕ್ಷಿಸಿ, ನ್ಯಾಯಾಧೀಶರನ್ನು ಆರಿಸುತ್ತದೆ; ಅದರ ಅಧ್ಯಕ್ಷರು ವಕೀಲಿ ವೃತ್ತಿಯವರಾಗಿರಕೂಡದು. ೨೦೦೯ರಲ್ಲಿ ಸುಪ್ರೀಂ ಕೋರ್ಟು ಚೌಕದ ಆಚೆ ಬದಿಯ ಕಟ್ಟಡಕ್ಕೆ ಬಂದಿತು. ನ್ಯಾಯಪೀಠದಲ್ಲಿ ಹೆಂಗಸರೆಷ್ಟು, ಬೇರೆ ಬೇರೆ ಸಮುದಾಯದವರೆಷ್ಟು ಎಂಬ ಪ್ರಶ್ನೆ ಮಾತ್ರ ಲಾರ್ಡ್ಸ್ ಸಭೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ನ್ಯಾಯಾಧೀಶರನ್ನು ಆರಿಸುವವರಾರು ಎಂಬ ವಾದ ನಮಗೂ ಹೊಸದಲ್ಲ. ನಮ್ಮ ಪಾರ್ಲಿಮೆಂಟು ಆಯೋಗವೊಂದನ್ನು ರಚಿಸಿದ ಕಾನೂನನ್ನು ನಮ್ಮ ಸುಪ್ರೀಂ ಕೋರ್ಟು ೨೦೧೫ರಲ್ಲಿ ರದ್ದುಮಾಡಿತಷ್ಟೆ.

ಆ ಕಟ್ಟಡದಲ್ಲಿಯೇ ಪ್ರಿವಿ ಕೌನ್ಸಿಲಿನ ನ್ಯಾಯಸಮಿತಿಯೂ ಕೂರುತ್ತದೆ. “ಪ್ರಿವಿ ಕೌನ್ಸಿಲಿನ ತನಕ ಹೋದೇನು, ಬಿಡಲಾರೆ” ಎಂದು ಧಾರವಾಡ, ಬೆಳಗಾವಿಯ ಕಡೆಯ ಅಜ್ಜಂದಿರು ಹೊಲದ ಬದುವಿಗಾಗಿ ಪಣ ತೊಡುತ್ತಿದ್ದ ಕಾಲವಿತ್ತು. ೧೯೪೯ರಲ್ಲಿ ಭಾರತದ ಪಾಲಿಗೆ ಆ ದಾರಿ ಮುಗಿಯಿತು. ಅದರ ಬಾಗಿಲನ್ನು ನೋಡಿ ಸುಮ್ಮನೆ ಹಿಂದಿರುಗಿದೆವು.

ಒಂದು ದಿನ ಸಭೆ ನೋಡಿಕೊಂಡು ಲ್ಯಾಂಬೆತ್ ಸೇತುವೆ ದಾಟಿ ಆಚೆ ದಂಡೆಗೆ ನಡೆದೆವು. ಅಲ್ಲಿಯ ನದೀತೀರದ ಉದ್ಯಾನದಲ್ಲಿ ಬಸವೇಶ್ವರರ ಪ್ರತಿಮೆಯಿದೆ. ೨೦೧೫ರ ನವೆಂಬರ್ ೧೪ರಂದು ಭಾರತದ ಪ್ರಧಾನಿಗಳು ಅನಾವರಣ ಮಾಡಿದ್ದು ಅದು. ನದಿಯ ಆ ದಂಡೆಯಲ್ಲಿ ಹುಟ್ಟಿನಿಂದ ಪೀಠ ಸಿಕ್ಕ ಸಭೆ. ಈ ದಂಡೆಯಲ್ಲಿ ಹುಟ್ಟಿನಿಂದ ಹಿರಿಮೆಯಿಲ್ಲವೆಂದು ಹನ್ನೆರಡನೆಯ ಶತಮಾನದಲ್ಲಿಯೇ ಸಾರಿದ ಕನ್ನಡಿಗ. ಕಲ್ಯಾಣದ ಶರಣರ ನಡುವೆ ಪ್ರಶ್ನೆ ಕೇಳುವವನ ಕುಲವನ್ನು ಕೇಳುತ್ತಿರಲಿಲ್ಲ. ೧೮೮೧ರಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕರೆದಾಗಲೂ, ಸೇರಿದ ೧೪೪ ಮಂದಿಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಅಹವಾಲು ಹೇಳುವುದು, ದಿವಾನರ ಮಾತು ಕೇಳುವುದು, ಇಷ್ಟೇ ಇದ್ದದ್ದು. ಆ ಸಣ್ಣ ಬೀಜದಿಂದಲೇ ಮುಂದಿನದೆಲ್ಲ ಬೆಳೆಯಿತು.

ಪೀಠ ಹೇಗೆ ಬಂತೆಂಬುದು ದೊಡ್ಡ ಮಾತೇ ಸರಿ, ಅದನ್ನು ಸರಿಪಡಿಸಲೇಬೇಕು. ಆದರೆ ಪೀಠದಲ್ಲಿ ಕುಳಿತವರು ಕೇಳುವುದನ್ನು ಬಿಟ್ಟರೆ, ಚುನಾಯಿತ ಸಭೆಯೂ ಬರಿಯ ಕಟ್ಟಡವಾಗಿಬಿಡುತ್ತದೆ. ದೆಹಲಿಯಲ್ಲಿರುವ ನಮ್ಮ ಬಂಧುಗಳಿಗೆ ಲೋಕಸಭೆಯ ಪ್ರಶ್ನೋತ್ತರದ ವೇಳೆ ಬೆಳಿಗ್ಗೆ ಹನ್ನೊಂದಕ್ಕೆ, ರಾಜ್ಯಸಭೆಯದು ಮಧ್ಯಾಹ್ನ ಹನ್ನೆರಡಕ್ಕೆ. ಸಂಸದರ ಮೂಲಕ ಪಾಸು ದೊರೆಯುತ್ತದೆ. ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ. ಲಂಡನ್ನಿಗೆ ಹೋಗುವವರು ಗೋಪುರವನ್ನೂ ನೋಡಲಿ, ಅರಮನೆಯನ್ನೂ ನೋಡಲಿ; ಜೊತೆಗೆ ಒಂದು ಮಧ್ಯಾಹ್ನವನ್ನು ಈ ಕೆಂಪು ಪೀಠಗಳ ಸಭೆಗೂ, ಸೇತುವೆಯಾಚೆಯ ಆ ಪ್ರತಿಮೆಗೂ ಮೀಸಲಿಡಲಿ. ಎರಡರ ನಡುವೆ ನಡೆದೇ ಹೋಗಬಹುದು.