ಬರೋ ಸ್ಪೀಡು, ಹೋಗೋ ಸ್ಪೀಡು

ಹೊಳಲ್ಕೆರೆಯ ನಮ್ಮ ಮನೆ ಮಾಳಿಗೆ ಮೇಲೆ ಕೂತು ಬೆಂಗಳೂರಿನ ಕಂಪನಿಯೊಂದಕ್ಕೆ ವಿಡಿಯೋ ಇಂಟರ್‌ವ್ಯೂ ಕೊಡ್ತಿದ್ದೆ. ಮೊದಲೇ ಫಾಸ್ಟ್ ಡಾಟ್ ಕಾಮ್ ನೋಡಿದ್ದೆ, 40 ಎಂಬಿಪಿಎಸ್ ಇತ್ತು. ಇನ್ನೇನು ಭಯ ಅಂದ್ಕೊಂಡೆ. ಐದೇ ನಿಮಿಷಕ್ಕೆ ಆ ಕಡೆಯವರು, “ನಿಮ್ಮ ಮಾತು ತುಂಡುತುಂಡಾಗಿ ಕೇಳ್ತಿದೆ” ಅಂದ್ರು. ಅವರ ಮಾತು ಮಾತ್ರ ನನಗೆ ಸ್ಪಷ್ಟವಾಗಿ ಕೇಳ್ತಿತ್ತು! ಕೆಲಸ ಕೈತಪ್ಪಿತು.

ಆಮೇಲೆ ಈ ಸ್ಪೀಡ್ ಟೆಸ್ಟ್‌ಗಳ ಕಥೆ ಓದಿದೆ. 2006ರಲ್ಲಿ ಬಂದ ಊಕ್ಲಾದ ಸ್ಪೀಡ್‌ಟೆಸ್ಟ್ ಡೌನ್‌ಲೋಡ್, ಅಪ್‌ಲೋಡ್ ಎರಡನ್ನೂ ಅಳೀತಿತ್ತು. 2016ರಲ್ಲಿ ನೆಟ್‌ಫ್ಲಿಕ್ಸ್ ತಂದ ಫಾಸ್ಟ್ ತೋರಿಸ್ತಿದ್ದದ್ದು ಡೌನ್‌ಲೋಡ್ ಒಂದನ್ನೇ. ಸಿನಿಮಾ ನೋಡೋರಿಗೆ ಅಷ್ಟು ಸಾಕಲ್ಲ? ಅದೇ ವರ್ಷ ನಮ್ಮ ಟ್ರಾಯ್ ಕೂಡ ಮೈಸ್ಪೀಡ್ ಆ್ಯಪ್ ಬಿಟ್ಟಿತು. 2018ರಲ್ಲಿ ಫಾಸ್ಟ್‌ಗೂ ಅಪ್‌ಲೋಡ್, ಲೇಟೆನ್ಸಿ ಸೇರಿದವು. ಆದರೆ ಅವು ಕಾಣಬೇಕಂದ್ರೆ ಕೆಳಗಿನ ಬಟನ್ ಒತ್ತಬೇಕು. ನಾನು ಒತ್ತಿರಲಿಲ್ಲ. ಈಗ ಒತ್ತಿದೆ: ಅಪ್‌ಲೋಡ್ ಬರೀ 0.4!

ತೋಟದಿಂದ ಬಂದ ಅಪ್ಪನಿಗೆ ಹೇಳಿದೆ. “ಬೋರಲ್ಲಿ ಎಷ್ಟು ನೀರು ಬರುತ್ತೆ ಅಂತ ನೋಡ್ದೆ. ಕೊನೆ ಸಾಲಿನ ಅಡಿಕೆ ಗಿಡಕ್ಕೆ ಮುಟ್ತದಾ ಅಂತ ನೋಡ್ಲಿಲ್ವೇನೋ?” ಅಂದರು.

ಮುಂದಿನ ವಾರ ಇನ್ನೊಂದು ಇಂಟರ್‌ವ್ಯೂ ಇದೆ. ಈ ಸಲ ಮಾಳಿಗೆಯ ಯಾವ ಮೂಲೆಯಲ್ಲಿ ಅಪ್‌ಲೋಡ್ ಚೆನ್ನಾಗಿದೆ ಅಂತ ಈಗಲೇ ಹುಡುಕ್ತಿದೀನಿ. ನೀವೂ ಒಮ್ಮೆ ಆ ಬಟನ್ ಒತ್ತಿ ನೋಡಿ.