ಎಂ.ಎ.ಯೂ ಎಮ್ಮೆಯೂ

ಕಳೆದ ವರ್ಷ ಪರಸ್ಥಳದ ಚರ್ಚಾಸ್ಪರ್ಧೆಯೊಂದರಲ್ಲಿ ಇಂಗ್ಲಿಷಿನಲ್ಲಿ ಮಾತನಾಡಲು ನಿಂತೆ. ವಿಷಯವನ್ನು ಚೆನ್ನಾಗಿಯೇ ಸಿದ್ಧಪಡಿಸಿಕೊಂಡಿದ್ದೆ. ಆದರೆ ‘ಎಜುಕೇಷನ್’ ಎನ್ನಬೇಕಾದ ನಾಲಗೆ ‘ಯೆಜುಕೇಷನ್’ ಎಂದಿತು. ‘ಓನ್ಲಿ’ ಎಂಬುದು ‘ವೋನ್ಲಿ’ ಆಯಿತು. ‘ಎಂ.ಎ.’ ಎಂದಾಗಲಂತೂ ಹಿಂದಿನ ಬೆಂಚಿನಿಂದ ಯಾರೋ ಎಮ್ಮೆಯಂತೆ ಕೂಗಿದರು. ಸಭೆಗೆ ಸಭೆಯೇ ನಕ್ಕಿತು. ಅರ್ಧಕ್ಕೇ ಇಳಿದು ಬಂದೆ. ಅರಸೀಕೆರೆಗೆ ಬರುವ ರೈಲಿನಲ್ಲಿ ಗೆಳೆಯರೊಡನೆಯೂ ಮಾತಿಲ್ಲ. ಆಮೇಲೆ ಎಷ್ಟೋ ತಿಂಗಳು, ಇಂಗ್ಲಿಷ್ ತರಗತಿಯಲ್ಲಿ ಹಾಜರಿ ಕೂಗಿದಾಗ ಕೈ ಎತ್ತುತ್ತಿದ್ದೆನೇ ಹೊರತು ಬಾಯಿ ತೆರೆಯುತ್ತಿರಲಿಲ್ಲ.

ತಪ್ಪು ನನ್ನೊಬ್ಬನದೇ ಏನು? ನಾವು ಬರೆಯುವುದು ‘ಎಲ್ಲಿ’, ‘ಒಂದು’. ಆಡುವುದು ‘ಯೆಲ್ಲಿ’, ‘ವೊಂದು’. ವ್ಯಂಜನದಲ್ಲಿ ಮಾತು ಮುಗಿಸುವುದೂ ನಮ್ಮ ಬಾಯಿಗೆ ಒಗ್ಗದು. ಮಂಡಿಯಲ್ಲಿ ಕೊಬ್ಬರಿ ತೂಗಿಸುವ ನಮ್ಮ ತಂದೆಯವರಿಗೆ ಲಾರಿ ಯಾವಾಗಲೂ ‘ಲೇಟು’, ಲೆಕ್ಕ ‘ರೈಟು’. ಇಂಗ್ಲಿಷಿನ ಬರವಣಿಗೆಯೂ ನಮ್ಮನ್ನು ಸುಮ್ಮನೆ ಬಿಟ್ಟಿಲ್ಲ. ಬೇಲೂರಿನ ಕೊನೆಯ ಉಕಾರವನ್ನು ನುಂಗಿತು; ಅರಸಿಯ ನಡುವಿನ ಅಕಾರವನ್ನು ಕಿತ್ತು ‘ಅರ್ಸಿಕೆರೆ’ ಮಾಡಿತು. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು ಮೊದಲಾದ 12 ಊರುಗಳು ಇಂಗ್ಲಿಷಿನಲ್ಲಿಯೂ ಸರಿಯಾದ ಹೆಸರು ಪಡೆದವು. ಆ ಪಟ್ಟಿಯಲ್ಲಿ ನಮ್ಮ ಅರಸಿ ಇರಲಿಲ್ಲ.

ಬೇಸಗೆ ರಜೆಯಲ್ಲಿ ಹಳೇಬೀಡಿಗೆ ಹೋಗಿದ್ದೆ. ಹೊಯ್ಸಳೇಶ್ವರ ದೇವಾಲಯದ ಮುಂದೆ ವೃದ್ಧ ದಂಪತಿಗಳು ಬೇಲೂರಿನ ಬಸ್ಸು ಯಾವುದೆಂದು ಕೇಳಿದರು. ಸ್ಕಾಟ್ಲೆಂಡಿನವರಂತೆ. ಆತ ‘ರೋಡ್’ ಎಂದದ್ದನ್ನು ಕೇಳಿ ಬೆರಗಾದೆ. ನಮ್ಮ ಕಂಡಕ್ಟರುಗಳು ಹೇಳುವ ನೇರ ಓಕಾರ, ಅದೇ ಗಟ್ಟಿ ರೇಫ! ‘ಗೇಟ್’ ಎಂಬುದೂ ಹಾಗೆಯೇ. ದಕ್ಷಿಣ ಇಂಗ್ಲೆಂಡಿನವರು ಈ ಸ್ವರಗಳನ್ನು ಎರಡೆರಡು ಕೂಡಿಸಿ ಹೊರಳಿಸುತ್ತಾರೆ. 1917ರಲ್ಲಿ ಡೇನಿಯಲ್ ಜೋನ್ಸ್ ತಮ್ಮ ಉಚ್ಚಾರಣಾ ನಿಘಂಟಿಗೆ ಆರಿಸಿಕೊಂಡದ್ದು ಅಲ್ಲಿಯ, ಗಂಡಸರು ದೊಡ್ಡ ವಸತಿಶಾಲೆಗಳಲ್ಲಿ ಓದಿದ ಮನೆಗಳ ಮಾತನ್ನು. ನಾವು ಶುದ್ಧವೆಂದು ಗಿಳಿಪಾಠ ಮಾಡುವುದು ಅದನ್ನೇ!

ಧೈರ್ಯಮಾಡಿ, ನಿಮ್ಮ ಮಾತಿಗೆ ಯಾರಾದರೂ ನಕ್ಕದ್ದುಂಟೇ ಎಂದು ಕೇಳಿದೆ. ಲಂಡನ್ನಿನಲ್ಲಿ ಕೆಲಸಕ್ಕೆ ಸೇರಿದಾಗ ದಿನವೂ ನಗುತ್ತಿದ್ದರು ಎಂದರು.

“ಬದಲಿಸಿಕೊಂಡಿರೇನು?”

“ಟೆಲಿಫೋನಿನಲ್ಲಿ ಮಾತ್ರ,” ಎಂದು ಆಕೆ ನಡುವೆ ಬಾಯಿಹಾಕಿದರು. ಮೂವರೂ ನಕ್ಕೆವು. ಬೇಲೂರಿಗೆ 16 ಕಿಲೋಮೀಟರೆಂದೂ ಎಲ್ಲಿ ಇಳಿಯಬೇಕೆಂದೂ ನನ್ನ ಯಕಾರ ವಕಾರಗಳ ಸಮೇತ ವಿವರಿಸಿದೆ. ಒಂದು ಮಾತನ್ನೂ ಅವರು ಎರಡನೆಯ ಸಲ ಕೇಳಲಿಲ್ಲ.

ಕಾಲೇಜು ತೆರೆದ ದಿನ ಹಾಜರಿಗೆ ‘ಯೆಸ್ ಸರ್’ ಎಂದೆ. ಈ ಒಂದು ಶಬ್ದದ ಯಕಾರವಾದರೂ ಇಂಗ್ಲಿಷಿನವರಿಗೆ ಸಮ್ಮತವೇ ಅಲ್ಲವೆ?